ರಸ್ತೆ ಕಾರುಗಳ ಟರ್ಬೊ ಮತ್ತು ಇಂಧನ ಮಾರ್ಪಾಟು: ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಹಾಗೂ ಉತ್ತರ ಭಾಗ

ಟರ್ಬೊ ಮತ್ತು ಇಂಧನ ಮಾರ್ಪಾಟು ಎಂದರೆ, ರಸ್ತೆಗೆ ನೋಂದಣಿಯಾದ ಪೆಟ್ರೋಲ್ ಕಾರಿನ ಟರ್ಬೊಚಾರ್ಜರ್, ಇಂಧನ ಪೂರೈಕೆಯ ಭಾಗಗಳು ಮತ್ತು ಇವೆರಡನ್ನೂ ಆಳುವ ಇಸಿಯು (ಎಂಜಿನ್ನಿನ ನಿಯಂತ್ರಣ ಕಂಪ್ಯೂಟರ್) ತಂತ್ರಾಂಶವನ್ನು ಕಾರ್ಖಾನೆ ಕೊಟ್ಟದ್ದಕ್ಕಿಂತ ಹೆಚ್ಚಿನ ಶಕ್ತಿಗಾಗಿ ಬದಲಿಸುವ ಕೆಲಸ. ರೇಸಿನ ಕಾರಿನ ಎಂಜಿನನ್ನು ಕೆಲವೇ ಸ್ಪರ್ಧೆಗಳ ನಂತರ ಬಿಚ್ಚಿ ಕಟ್ಟುತ್ತಾರೆ. ರಸ್ತೆ ಕಾರು ಚಳಿಗಾಲದ ಬೆಳಗ್ಗೆ ಸ್ಟಾರ್ಟ್ ಆಗಬೇಕು, ಟ್ರಾಫಿಕ್ಕಿನಲ್ಲಿ ನಿಲ್ಲಬೇಕು, ಪಂಪಿನಲ್ಲಿ ಸಿಕ್ಕಿದ ಪೆಟ್ರೋಲಿನಲ್ಲೇ ಓಡಬೇಕು, ವರ್ಷಕ್ಕೊಮ್ಮೆ ಸರ್ಕಾರಿ ತಪಾಸಣೆಯಲ್ಲಿ ಪಾಸಾಗಬೇಕು. ಹೀಗಾಗಿ ಇಲ್ಲಿ ಭಾಗಗಳ ಆಯ್ಕೆಯನ್ನು ನಿರ್ಧರಿಸುವುದು ಗರಿಷ್ಠ ಶಕ್ತಿಗಿಂತ ಹೆಚ್ಚಾಗಿ ಪ್ರತಿ ಭಾಗದಲ್ಲೂ ಉಳಿಯುವ ಮೀಸಲು ಸಾಮರ್ಥ್ಯ.

ಈ ಲೇಖನದಲ್ಲಿ ‘ಬೂಸ್ಟ್’ ಎಂದರೆ ವಾಯುಮಂಡಲದ ಒತ್ತಡಕ್ಕಿಂತ ಮೇಲೆ ಟರ್ಬೊ ಕೊಡುವ ಒತ್ತಡ. ‘ಒತ್ತಡ ಅನುಪಾತ’ ಎಂದರೆ ಕಂಪ್ರೆಸರಿನಿಂದ ಹೊರಬರುವ ಗಾಳಿಯ ಪೂರ್ಣ ಒತ್ತಡವನ್ನು ಒಳಹೋಗುವ ಗಾಳಿಯ ಪೂರ್ಣ ಒತ್ತಡದಿಂದ ಭಾಗಿಸಿದ ಸಂಖ್ಯೆ. ‘ನಾಕಿಂಗ್’ ಎಂದರೆ ಸ್ಪಾರ್ಕಿನಿಂದ ಹೊತ್ತಿದ ಜ್ವಾಲೆ ತಲುಪುವ ಮೊದಲೇ ಸಿಲಿಂಡರಿನ ಅಂಚಿನ ಮಿಶ್ರಣ ತಾನಾಗಿ ಸ್ಫೋಟಿಸುವುದು.

ಹಿನ್ನೆಲೆ

ಎಂಜಿನ್ ಉಗುಳುವ ಬಿಸಿ ಅನಿಲದಿಂದಲೇ ಚಕ್ರ ತಿರುಗಿಸಿ ಒಳಗಾಳಿಯನ್ನು ಒತ್ತುವ ಉಪಾಯಕ್ಕೆ ಸ್ವಿಟ್ಜರ್‌ಲ್ಯಾಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದ. ಹಡಗು, ರೈಲು, ವಿಮಾನಗಳಲ್ಲಿ ಬಳಕೆಗೆ ಬಂದ ಟರ್ಬೊ ಪ್ರಯಾಣಿಕ ಕಾರಿಗೆ ಬಂದದ್ದು 1962ರಲ್ಲಿ, ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಷೆವರ್ಲೆ ಕೋರ್ವೇರ್ ಮೊಂಜಾ ಕಾರುಗಳಲ್ಲಿ. ಜೆಟ್‌ಫೈರಿನ ಕಂಪ್ರೆಷನ್ ಅನುಪಾತ 10.25. ಅದರ ಮೇಲೆ ಬೂಸ್ಟ್ ಕೊಟ್ಟರೆ ಅಂದಿನ ಪೆಟ್ರೋಲ್ ನಾಕಿಂಗ್ ತಡೆಯಲಾರದು ಎಂದು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಪ್ರತ್ಯೇಕ ತೊಟ್ಟಿಯಿಂದ ಚಿಮ್ಮಿಸುವ ವ್ಯವಸ್ಥೆ ಅದರಲ್ಲಿತ್ತು. ಮಾಲೀಕರು ಆ ತೊಟ್ಟಿ ತುಂಬಿಸುವುದನ್ನೇ ಮರೆಯುತ್ತಿದ್ದರು. ಟರ್ಬೊವನ್ನು ಇಂಧನದಿಂದ ಬೇರೆಯಾಗಿ ಯೋಚಿಸಲಾಗದು ಎಂಬುದು ಮೊದಲ ಕಾರಿನಲ್ಲೇ ಸ್ಪಷ್ಟವಾಯಿತು. ಬಿಎಂಡಬ್ಲ್ಯು 2002 ಟರ್ಬೊ (1973), ಪೋರ್ಷೆ 911 ಟರ್ಬೊ ಮತ್ತು 1970ರ ದಶಕದ ಕೊನೆಯಲ್ಲಿ ಬಂದ ಸಾಬ್ 99 ಟರ್ಬೊ ಈ ತಂತ್ರವನ್ನು ಯುರೋಪಿನ ರಸ್ತೆಗೆ ತಂದವು.

ಇಂಗ್ಲೆಂಡಿನ ಉತ್ತರ ಭಾಗ ಟರ್ಬೊ ತಯಾರಿಕೆಯ ಹಳೆಯ ನೆಲೆ. ಯಾರ್ಕ್‌ಶೈರಿನ ಹಡರ್ಸ್‌ಫೀಲ್ಡಿನಲ್ಲಿ 1952ರಲ್ಲಿ ಶುರುವಾದ ಹೋಲ್ಸೆಟ್ ಕಂಪನಿ ಲಾರಿ, ಬಸ್ಸುಗಳ ಡೀಸೆಲ್ ಎಂಜಿನ್‌ಗಳಿಗೆ ಟರ್ಬೊ ಮಾಡಿ ಹೆಸರಾಯಿತು. 1973ರಲ್ಲಿ ಅಮೆರಿಕದ ಕಮಿನ್ಸ್ ಅದನ್ನು ಕೊಂಡಿತು. ಅದೇ ಸೀಮೆಯ ಬ್ರಾಡ್‌ಫರ್ಡಿನಲ್ಲಿ ಬೋರ್ಗ್‌ವಾರ್ನರ್, ಲ್ಯಾಂಕಾಶೈರಿನ ಸ್ಕೆಲ್ಮರ್ಸ್‌ಡೇಲಿನಲ್ಲಿ ಗ್ಯಾರೆಟ್ ಟರ್ಬೊ ಕಾರ್ಖಾನೆ ನಡೆಸಿದವು. ಲಾರಿಗಾಗಿ ಮಾಡಿದ ಹೋಲ್ಸೆಟ್ ಎಚ್‌ಎಕ್ಸ್35, ಎಚ್‌ಎಕ್ಸ್40 ಟರ್ಬೊಗಳನ್ನು ಗುಜರಿಯಿಂದ ಅಗ್ಗಕ್ಕೆ ಕೊಂಡು ಪೆಟ್ರೋಲ್ ಕಾರುಗಳಿಗೆ ಜೋಡಿಸುವ ರೂಢಿ ಬ್ರಿಟನ್ನಿನಲ್ಲಷ್ಟೇ ಅಲ್ಲ, ಹಲವು ದೇಶಗಳಲ್ಲಿ ಬೆಳೆಯಿತು.

ಮಿಡ್‌ಲ್ಯಾಂಡ್ಸ್ ಕಾರು ತಯಾರಿಕೆಯ ನೆಲೆ. ಬರ್ಮಿಂಗ್‌ಹ್ಯಾಮಿನ ಲಾಂಗ್‌ಬ್ರಿಜ್ ಕಾರ್ಖಾನೆಯಿಂದ 1982ರ ಕೊನೆಗೆ ಬಂದ ಎಂಜಿ ಮೆಟ್ರೊ ಟರ್ಬೊ, ಭಾಗಗಳ ಮಿತಿಯನ್ನು ಅರಿತು ಬೂಸ್ಟ್ ನಿಗದಿ ಮಾಡಿದ ಕಾರಿಗೆ ಒಳ್ಳೆಯ ಉದಾಹರಣೆ. ಅದರ 1275 ಸಿಸಿ ಎ-ಸರಣಿ ಎಂಜಿನ್ನಿಗೆ ಗ್ಯಾರೆಟ್ ಟಿ3 ಟರ್ಬೊ ಕೊಟ್ಟು ಸುಮಾರು 93 ಅಶ್ವಶಕ್ತಿ ಪಡೆದರು. ಎಂಜಿನ್ ಇನ್ನೂ ಹೆಚ್ಚು ಕೊಡಬಲ್ಲದಾಗಿತ್ತು. ಆದರೆ ಮಿನಿ ಕಾರಿನಂತೆಯೇ ಇದರಲ್ಲೂ ಗೇರ್‌ಬಾಕ್ಸ್ ಎಂಜಿನ್ನಿನ ಕೆಳಗೆ, ಅದೇ ಎಣ್ಣೆಯಲ್ಲಿ ಕುಳಿತಿತ್ತು. ಹೆಚ್ಚಿನ ಟಾರ್ಕ್ ತಾಳುವ ಶಕ್ತಿ ಅದಕ್ಕಿರಲಿಲ್ಲ. ಆದ್ದರಿಂದ ಕಡಿಮೆ ವೇಗದಲ್ಲಿ ಬೂಸ್ಟನ್ನು ತಗ್ಗಿಸಿ, ವೇಗ ಏರಿದ ಮೇಲಷ್ಟೇ ಪೂರ್ಣ ಬೂಸ್ಟ್ ಬಿಡುವ ಎರಡು ಹಂತದ ನಿಯಂತ್ರಣ ಇಟ್ಟರು. ಲಾಂಗ್‌ಬ್ರಿಜಿನ ಮುಂದಿನ ಟರ್ಬೊಗಳಲ್ಲಿ 1992ರ ರೋವರ್ 220 ಟರ್ಬೊ ಕೂಪೆ ಮುಖ್ಯ. ಅದರ ಎರಡು ಲೀಟರ್ ಟಿ-ಸರಣಿ ಎಂಜಿನ್ ಕಾರ್ಖಾನೆಯಿಂದಲೇ ಸುಮಾರು 200 ಅಶ್ವಶಕ್ತಿ ಕೊಡುತ್ತಿತ್ತು.

ಮೆಟ್ರೊ ಟರ್ಬೊಗೆ ಪೂರಕವಾದ ಇನ್ನೊಂದು ಉದಾಹರಣೆ ನಾರ್ಥಾಂಪ್ಟನ್ನಿನದು. ಅಲ್ಲಿನ ಕಾಸ್‌ವರ್ತ್ ಕಂಪನಿ ರೂಪಿಸಿದ ವೈಬಿ ಎಂಜಿನ್ ಹೊತ್ತ ಫೋರ್ಡ್ ಸಿಯೆರಾ ಆರ್‌ಎಸ್ ಕಾಸ್‌ವರ್ತ್ 1986ರಲ್ಲಿ 204 ಅಶ್ವಶಕ್ತಿಯೊಂದಿಗೆ ಬಂತು. ಮರುವರ್ಷ ರೇಸಿನ ನಿಯಮಕ್ಕಾಗಿ 500 ಕಾರುಗಳಷ್ಟೇ ತಯಾರಾದ ಆರ್‌ಎಸ್500 ಆವೃತ್ತಿಯಲ್ಲಿ ಟರ್ಬೊ ದೊಡ್ಡದು, ಇಂಟರ್‌ಕೂಲರ್ ದೊಡ್ಡದು; ನಾಲ್ಕು ಇಂಜೆಕ್ಟರುಗಳ ಎರಡನೆಯ ಸಾಲೊಂದು ಎಂಜಿನ್ ಮೇಲೆ ಸುಮ್ಮನೆ ಕುಳಿತಿತ್ತು. ರಸ್ತೆಯ ಕಾರಿನಲ್ಲಿ ಆ ಸಾಲಿಗೆ ಕೆಲಸವಿರಲಿಲ್ಲ, ಶಕ್ತಿ 224ಕ್ಕೆ ನಿಂತಿತ್ತು. ಅದೇ ಎಂಜಿನ್ನನ್ನು ರೇಸಿಗೆ ಸಿದ್ಧಪಡಿಸಿದಾಗ ಎಂಟೂ ಇಂಜೆಕ್ಟರುಗಳು ಕೆಲಸಕ್ಕಿಳಿದು ಶಕ್ತಿ 500 ಅಶ್ವಶಕ್ತಿ ದಾಟಿತು. ಕವೆಂಟ್ರಿಯ ಆ್ಯಂಡಿ ರೌಸ್ ಮೊದಲಾದವರು ಬ್ರಿಟಿಷ್ ಟೂರಿಂಗ್ ಕಾರ್ ಪಂದ್ಯಗಳಲ್ಲಿ ಈ ಕಾರನ್ನು ಓಡಿಸಿ ಗೆದ್ದರು. ಗಾಳಿ ಹೆಚ್ಚಿಸುವ ಮೊದಲು ಇಂಧನದ ದಾರಿ ಅಗಲಿಸಬೇಕೆಂಬ ಕ್ರಮ ಈ ಕಾರಿನ ವಿನ್ಯಾಸದಲ್ಲೇ ಇದೆ. ಇದೇ ದಶಕದಲ್ಲಿ ನಾರ್ಥಾಂಪ್ಟನ್ನಿನ ಟರ್ಬೊ ಟೆಕ್ನಿಕ್ಸ್ ಸಂಸ್ಥೆ ಫೋರ್ಡ್ ಎಸ್ಕಾರ್ಟ್ ಎಕ್ಸ್‌ಆರ್3ಐ, ಕ್ಯಾಪ್ರಿಯಂಥ ಟರ್ಬೊ ಇಲ್ಲದ ಕಾರುಗಳಿಗೆ ಟರ್ಬೊ ಅಳವಡಿಸಿ ಕೊಡುತ್ತಿತ್ತು.

1990ರ ದಶಕದಲ್ಲಿ ವೆಸ್ಟ್ ಬ್ರಾಮಿಚ್‌ನ ಆಮದುದಾರರು ತರಿಸಿದ ಸುಬಾರು ಇಂಪ್ರೆಝಾ, ಬಳಿಕ ಫೋಕ್ಸ್‌ವ್ಯಾಗನ್ ಗುಂಪಿನ 1.8 ಲೀಟರ್ ಟರ್ಬೊ ಕಾರುಗಳು ಮಾರ್ಪಾಟಿನ ಮುಖ್ಯ ಸಾಮಗ್ರಿಯಾದವು.

ಕಾರ್ಯವಿಧಾನ

ಟರ್ಬೊಚಾರ್ಜರಿನಲ್ಲಿ ಒಂದೇ ದಂಡದ ಎರಡು ತುದಿಗೆ ಎರಡು ಚಕ್ರ: ಹೊರಹೋಗುವ ಬಿಸಿ ಅನಿಲದಿಂದ ತಿರುಗುವ ಟರ್ಬೈನ್, ಒಳಬರುವ ಗಾಳಿಯನ್ನು ಒತ್ತುವ ಕಂಪ್ರೆಸರ್. ನಡುವೆ ಎಂಜಿನ್ ಎಣ್ಣೆಯಲ್ಲಿ ತೇಲುವ ಬೇರಿಂಗ್. ದಂಡ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಬೂಸ್ಟ್ ನಿಗದಿತ ಮಟ್ಟ ಮುಟ್ಟಿದಾಗ ವೇಸ್ಟ್‌ಗೇಟ್ ಎಂಬ ಬಾಗಿಲು ತೆರೆದು ಅನಿಲದ ಒಂದು ಪಾಲನ್ನು ಟರ್ಬೈನ್ ಮುಟ್ಟದಂತೆ ಹೊರಬಿಡುತ್ತದೆ.

ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್ ಗಾಳಿಯನ್ನು ಒತ್ತಡ ಅನುಪಾತ 2ಕ್ಕೆ ಏರಿಸುವ ಕಂಪ್ರೆಸರಿನ ದಕ್ಷತೆ ಶೇ. 75 ಇದ್ದರೆ ಗಾಳಿ ಸುಮಾರು 105 ಡಿಗ್ರಿಯಲ್ಲಿ ಹೊರಬರುತ್ತದೆ, ದಕ್ಷತೆ ಶೇ. 60ಕ್ಕೆ ಇಳಿದರೆ ಅದೇ ಒತ್ತಡಕ್ಕೆ 127 ಡಿಗ್ರಿ. ಬೂಸ್ಟ್ ಮಾಪಕದಲ್ಲಿ ಎರಡೂ ಒಂದೇ ಅಂಕಿ ತೋರಿಸುತ್ತವೆ. ಆದರೆ ಬಿಸಿ ಗಾಳಿಯಲ್ಲಿ ಆಮ್ಲಜನಕ ಕಡಿಮೆ, ನಾಕಿಂಗ್ ಅಪಾಯ ಹೆಚ್ಚು. ಚಿಕ್ಕ ಟರ್ಬೊವನ್ನು ಅದರ ಮಿತಿ ಮೀರಿ ದುಡಿಸಿದಾಗ ಬೂಸ್ಟ್ ಏರಿದರೂ ಶಕ್ತಿ ಏರದಿರುವುದು ಇದರಿಂದಲೇ. ಈ ಶಾಖವನ್ನು ಇಂಟರ್‌ಕೂಲರ್ ಕಳೆಯಬೇಕು.

ಇಂಧನ

ಪೆಟ್ರೋಲ್ ನಾಕಿಂಗನ್ನು ಎಷ್ಟು ತಡೆಯಬಲ್ಲದು ಎಂಬುದರ ಅಳತೆ ಆಕ್ಟೇನ್ ಸಂಖ್ಯೆ. ಬ್ರಿಟನ್ನಿನ ಪಂಪುಗಳಲ್ಲಿ ಬರೆಯುವುದು ಸಂಶೋಧನಾ ಆಕ್ಟೇನ್ ಸಂಖ್ಯೆ, ಅಂದರೆ ರಾನ್. ಅಲ್ಲಿ ‘ಪ್ರೀಮಿಯಂ’ ಎಂದು ಕರೆಯುವ ಸಾಮಾನ್ಯ ಪೆಟ್ರೋಲ್ 95 ರಾನ್. ‘ಸೂಪರ್’ ಕನಿಷ್ಠ 97. ಶೆಲ್ ವಿ-ಪವರ್, ಟೆಸ್ಕೊ ಮೊಮೆಂಟಮ್ ಮುಂತಾದವು 99. ಭಾರತದ ಬಿಎಸ್-6 ಮಾನಕದ ಸಾಮಾನ್ಯ ಪೆಟ್ರೋಲಿನ ಕನಿಷ್ಠ ಮಟ್ಟ 91 ಎಂಬುದನ್ನು ನೆನೆದರೆ, ಇಂಗ್ಲೆಂಡಿನ ಮ್ಯಾಪ್ (ಬೂಸ್ಟ್, ಇಂಧನ, ಸ್ಪಾರ್ಕುಗಳಿಗಾಗಿ ಇಸಿಯು ಪಾಲಿಸುವ ಕೋಷ್ಟಕ) ಒಂದನ್ನು ಹಾಗೆಯೇ ತಂದು ಬೆಂಗಳೂರಿನ ಕಾರಿಗೆ ತುಂಬುವುದು ಏಕೆ ಸಲ್ಲದೆಂದು ತಿಳಿಯುತ್ತದೆ.

ರಸ್ತೆ ಕಾರಿನ ಮ್ಯಾಪನ್ನು ಸಾಮಾನ್ಯವಾಗಿ 97 ಅಥವಾ 99 ರಾನ್ ಎಂದು ನಿಗದಿಮಾಡಿ ಬರೆಯುತ್ತಾರೆ. 99ಕ್ಕೆ ಬರೆದ ಮ್ಯಾಪಿರುವ ಕಾರಿಗೆ 95 ತುಂಬಿದರೆ ಇಸಿಯು ನಾಕ್ ಸೆನ್ಸರಿನ ಮಾತು ಕೇಳಿ ಸ್ಪಾರ್ಕನ್ನು ತಡಮಾಡುತ್ತದೆ. ಶಕ್ತಿ ತಗ್ಗುತ್ತದೆ, ಹೊಗೆಯ ಉಷ್ಣತೆ ಏರುತ್ತದೆ. ಈ ರಕ್ಷಣೆ ಕಾರ್ಖಾನೆಯ ಬೂಸ್ಟಿಗಾಗಿ ರೂಪಿಸಿದ್ದು. ಬೂಸ್ಟ್ ಏರಿಸಿದ ಎಂಜಿನ್ನಿನಲ್ಲಿ ಸೆನ್ಸರ್ ಎಚ್ಚರಿಸುವ ಹೊತ್ತಿಗೆ ಹಾನಿ ಆಗಿಬಿಟ್ಟಿರಬಹುದು. ರಾತ್ರಿ ಮೋಟರ್‌ವೇ ಬದಿಯಲ್ಲಿ 95 ಮಾತ್ರ ಸಿಗುವ ಸಂದರ್ಭವೂ ಉಂಟು. ಅಂಥ ಹೊತ್ತಿಗಾಗಿ ಕಡಿಮೆ ಬೂಸ್ಟಿನ ಎರಡನೆಯ ಮ್ಯಾಪ್ ಇಡುವುದು ರೂಢಿ.

ಗ್ರೇಟ್ ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ 95 ರಾನ್ ಪೆಟ್ರೋಲ್ ಇ10 ಆಯಿತು, ಅಂದರೆ ಶೇ. 10ರವರೆಗೆ ಎಥನಾಲ್ ಸೇರಿದ್ದು. ಸೂಪರ್ ದರ್ಜೆ ಇ5 ಆಗಿಯೇ ಉಳಿಯಿತು. 2011ರಿಂದ ಮಾರಾಟವಾದ ಎಲ್ಲ ಹೊಸ ಕಾರುಗಳೂ ಇ10 ಒಪ್ಪುತ್ತವೆ. 2002ಕ್ಕಿಂತ ಹಿಂದಿನವುಗಳಲ್ಲಿ ರಬ್ಬರ್ ಪೈಪು, ಸೀಲುಗಳು ಎಥನಾಲಿನಿಂದ ಕೆಡುವ ಸಂಭವವಿದೆ. ಮಾರ್ಪಾಟಿಗೆ ಹೆಚ್ಚು ಒಳಗಾಗುವ ಹಳೆಯ ಕಾಸ್‌ವರ್ತ್, ಮೊದಲ ತಲೆಮಾರಿನ ಇಂಪ್ರೆಝಾಗಳು ಈ ಅವಧಿಯವೇ.

ಎಥನಾಲಿನ ಗುಣ ಎರಡು ಬಗೆಯದು. ಅದರ ರಾನ್ ಸುಮಾರು 108. ಆವಿಯಾಗುವಾಗ ಪೆಟ್ರೋಲಿನ ಎರಡು ಪಟ್ಟಿಗೂ ಹೆಚ್ಚು ಶಾಖ ಹೀರಿ ಸಿಲಿಂಡರನ್ನು ತಂಪಾಗಿಸುತ್ತದೆ. ಆದರೆ ಅದರಲ್ಲಿ ಶಕ್ತಿಯಂಶ ಕಡಿಮೆ: ಕಿಲೊಗೆ ಸುಮಾರು 27 ಮೆಗಾಜೌಲ್, ಪೆಟ್ರೋಲಿಗೆ 43. ಒಂದು ಕಿಲೊ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೊ ಗಾಳಿ ಬೇಕಾದರೆ ಎಥನಾಲಿಗೆ 9 ಕಿಲೊ ಸಾಕು. ಅಷ್ಟೇ ಗಾಳಿಗೆ ಇಂಧನ ಹೆಚ್ಚು ಬೇಕೆಂದು ಇದರರ್ಥ. ಶೇ. 85 ಎಥನಾಲಿನ ಇ85 ಬಳಸಿದರೆ ಇಂಜೆಕ್ಟರ್, ಪಂಪುಗಳ ಸಾಮರ್ಥ್ಯ ಸುಮಾರು ಶೇ. 35ರಿಂದ 40ರಷ್ಟು ಹೆಚ್ಚಬೇಕು.

ಇ85 ಬ್ರಿಟನ್ನಿನ ಪಂಪಿಗೆ ಬಂದು ಹೋದ ಇಂಧನ. 2006ರಲ್ಲಿ ಮಾರಿಸನ್ಸ್ ಸೂಪರ್‌ಮಾರ್ಕೆಟ್ ತನ್ನ ಕೆಲವು ಬಂಕುಗಳಲ್ಲಿ ಮಾರತೊಡಗಿತು. ಪೆಟ್ರೋಲಿನಲ್ಲಿ 150 ಅಶ್ವಶಕ್ತಿ ಕೊಡುವ ಸಾಬ್ 9-5 ಬಯೊಪವರ್ ಕಾರು ಇ85ರಲ್ಲಿ 180 ಕೊಡುತ್ತಿತ್ತು. ಜೈವಿಕ ಇಂಧನದ ಸುಂಕದ ರಿಯಾಯಿತಿ 2010ರಲ್ಲಿ ಮುಗಿದ ಮೇಲೆ, ಲೀಟರಿಗೆ ಕಡಿಮೆ ದೂರ ಓಡಿಸುವ ಇಂಧನಕ್ಕೆ ಪೆಟ್ರೋಲಿನಷ್ಟೇ ಸುಂಕ ಬಿದ್ದು ವ್ಯಾಪಾರ ನಿಂತಿತು. ಈಗ ಅದು ಪೀಪಾಯಿಗಳಲ್ಲಿ ಮಾತ್ರ ಸಿಗುತ್ತದೆ, ಬಳಕೆ ರೇಸಿಗೆ. ಮನೆಯ ಗ್ಯಾರೇಜಿನಲ್ಲಿ ಪೀಪಾಯಿ ಇಟ್ಟುಕೊಂಡು ದಿನನಿತ್ಯದ ಕಾರು ಓಡಿಸುವುದು ಪ್ರಾಯೋಗಿಕವಲ್ಲ. ಆದ್ದರಿಂದ ಲೀಡ್ಸ್ ಅಥವಾ ಮ್ಯಾಂಚೆಸ್ಟರಿನ ರಸ್ತೆ ಕಾರಿಗೆ ವಾಸ್ತವದ ಇಂಧನ 99 ರಾನ್ ಪೆಟ್ರೋಲೇ. ಆಕ್ಟೇನ್ ಏರಿಸುವ ಸೀಸೆಗಳೂ ನೀರು-ಮೆಥನಾಲ್ ಸಿಂಪಡಣೆಯೂ ಮೀಸಲಾಗಿ ಒದಗುತ್ತವೆ. ಸಿಂಪಡಣೆಯನ್ನೇ ನಂಬಿ ಬರೆದ ಮ್ಯಾಪಿಗೆ, ತೊಟ್ಟಿ ಬರಿದಾದಾಗ ಬೂಸ್ಟ್ ತಾನಾಗಿ ತಗ್ಗುವ ಏರ್ಪಾಟು ಕಡ್ಡಾಯ.

ಇಂಧನ ಪೂರೈಕೆಯ ಲೆಕ್ಕ

ಆಯ್ಕೆ ಗುರಿಯ ಶಕ್ತಿಯಿಂದ ಶುರುವಾಗುತ್ತದೆ. ನಾಲ್ಕು ಸಿಲಿಂಡರಿನ, ಇನ್‌ಟೇಕ್ ಪೋರ್ಟಿಗೆ ಇಂಧನ ಚಿಮ್ಮಿಸುವ ಎಂಜಿನ್ನಿನಿಂದ 300 ಅಶ್ವಶಕ್ತಿ ಬೇಕೆನ್ನಿ. ಟರ್ಬೊ ಎಂಜಿನ್ ಪೂರ್ಣ ಭಾರದಲ್ಲಿ ಪ್ರತಿ ಅಶ್ವಶಕ್ತಿಗೆ ಗಂಟೆಗೆ ಸುಮಾರು 250 ಗ್ರಾಂ ಪೆಟ್ರೋಲ್ ಕುಡಿಯುತ್ತದೆ. ಒಟ್ಟು 75 ಕಿಲೊ, ಅಂದರೆ ಸುಮಾರು 100 ಲೀಟರ್. ಒಂದು ಇಂಜೆಕ್ಟರಿನ ಪಾಲು ಗಂಟೆಗೆ 25 ಲೀಟರ್, ನಿಮಿಷಕ್ಕೆ ಸುಮಾರು 420 ಮಿಲಿಲೀಟರ್. ಇಂಜೆಕ್ಟರ್ ಪೂರ್ತಿ ಹೊತ್ತು ತೆರೆದೇ ಇರಬಾರದು, ಶೇ. 80ರಷ್ಟು ಹೊತ್ತು ತೆರೆದರೆ ಸಾಕೆನ್ನುವಂತೆ ಕೊಂಡರೆ ಬಿಸಿ, ತಯಾರಿಕೆಯ ವ್ಯತ್ಯಾಸ, ವೋಲ್ಟೇಜಿನ ಕುಸಿತಗಳಿಗೆ ಮೀಸಲು ಉಳಿಯುತ್ತದೆ. ಆಗ ಬೇಕಾಗುವುದು ನಿಮಿಷಕ್ಕೆ ಸುಮಾರು 525 ಮಿಲಿಲೀಟರಿನ ಇಂಜೆಕ್ಟರ್. ಇ85 ಆದರೆ 730ರ ಆಸುಪಾಸು.

ಅತಿ ದೊಡ್ಡ ಇಂಜೆಕ್ಟರೂ ಒಳ್ಳೆಯದಲ್ಲ. ಎಂಜಿನ್ ಸುಮ್ಮನೆ ನಿಂತು ಓಡುವಾಗ ಅದು ಕಣ್ಣು ಮಿಟುಕಿಸುವುದಕ್ಕಿಂತ ಬಹಳ ಕಡಿಮೆ ಹೊತ್ತು ತೆರೆಯಬೇಕಾಗುತ್ತದೆ. ಅಷ್ಟರಲ್ಲಿ ಹೊರಬರುವ ಪ್ರಮಾಣ ಏರುಪೇರಾಗಿ ತಪಾಸಣೆಯ ಹೊಗೆ ಪರೀಕ್ಷೆಗೆ ತೊಡಕಾಗುತ್ತದೆ. ಇಂಜೆಕ್ಟರಿನ ತೆರೆಯುವ ವಿಳಂಬವನ್ನು ಬೇರೆ ಬೇರೆ ವೋಲ್ಟೇಜಿನಲ್ಲಿ ಅಳೆದ ಅಂಕಿಅಂಶ ಜೊತೆಗಿಲ್ಲದಿದ್ದರೆ ಮ್ಯಾಪ್ ಬರೆಯುವವನು ಊಹೆಯಿಂದಲೇ ಕೆಲಸ ಮಾಡಬೇಕಾಗುತ್ತದೆ.

ಇಂಧನದ ಒತ್ತಡ ಏರಿಸಿ ಹಳೆಯ ಇಂಜೆಕ್ಟರಿನಿಂದಲೇ ಹೆಚ್ಚು ಪಡೆಯುವ ದಾರಿಯೂ ಇದೆ. ಆದರೆ ಹರಿವು ಒತ್ತಡದ ವರ್ಗಮೂಲದಂತೆ ಮಾತ್ರ ಏರುತ್ತದೆ. 3 ಬಾರಿನಿಂದ 4 ಬಾರಿಗೆ ಹೋದರೆ ಸಿಗುವುದು ಶೇ. 15ರಷ್ಟು, ಅಷ್ಟರಲ್ಲೇ ಪಂಪಿನ ಹೊರೆ ಏರಿರುತ್ತದೆ.

ಹೆಚ್ಚು ತಪ್ಪುಗಳಾಗುವುದು ಪಂಪಿನ ವಿಷಯದಲ್ಲೇ. ಒತ್ತಡ ನಿಯಂತ್ರಕ ಬೂಸ್ಟಿನೊಂದಿಗೆ ಇಂಧನದ ಒತ್ತಡವನ್ನೂ ಸಮವಾಗಿ ಏರಿಸುತ್ತದೆ. ಮೂಲ ಒತ್ತಡ 3 ಬಾರ್, ಬೂಸ್ಟ್ 1.2 ಬಾರ್ ಇದ್ದರೆ ಪಂಪು 4.2 ಬಾರಿನ ವಿರುದ್ಧ ತಳ್ಳಬೇಕು. ಡಬ್ಬಿಯ ಮೇಲೆ ‘ಗಂಟೆಗೆ 255 ಲೀಟರ್’ ಎಂದಿರುವ ಪಂಪು ಕಡಿಮೆ ಒತ್ತಡದಲ್ಲಿ ಕೊಡುವಷ್ಟನ್ನು ಹೆಚ್ಚಿನ ಒತ್ತಡದಲ್ಲಿ ಕೊಡುವುದಿಲ್ಲ. ಆದ್ದರಿಂದ ತಯಾರಕರ ಒತ್ತಡ-ಹರಿವು ನಕ್ಷೆಯನ್ನು ಪೂರ್ಣ ಬೂಸ್ಟಿನ ಬಿಂದುವಿನಲ್ಲಿ ಓದಬೇಕು. ಇಪ್ಪತ್ತು ವರ್ಷದ ಹಳೆಯ ಕಾರಿನಲ್ಲಿ ಪಂಪಿಗೆ ಹೋಗುವ ತಂತಿ ಸವೆದು ವೋಲ್ಟೇಜ್ ಕುಸಿದರೆ ಹೊಸ ಪಂಪಿನ ಹರಿವೂ ಕುಸಿಯುತ್ತದೆ. ಬ್ಯಾಟರಿಯಿಂದ ನೇರವಾಗಿ ರಿಲೇ ಮೂಲಕ ದಪ್ಪ ತಂತಿ ಎಳೆಯುವುದು ಅಗ್ಗದ, ಆದರೆ ಹಲವರು ಬಿಟ್ಟುಬಿಡುವ ಕೆಲಸ. ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆಯಿದ್ದು ಕಾರು ರೌಂಡಬೌಟಿನಲ್ಲಿ ಜೋರಾಗಿ ತಿರುಗಿದರೆ ಪಂಪು ಗಾಳಿ ಎಳೆಯುತ್ತದೆ. ಇದನ್ನು ತಡೆಯಲು ಸ್ವರ್ಲ್ ಪಾಟ್ ಎಂಬ ಚಿಕ್ಕ ಮಧ್ಯಂತರ ತೊಟ್ಟಿ ಇಡುತ್ತಾರೆ.

ಸಿಲಿಂಡರಿನೊಳಗೆ ನೇರವಾಗಿ ಇಂಧನ ಚಿಮ್ಮಿಸುವ ಇತ್ತೀಚಿನ ಎಂಜಿನ್‌ಗಳ ಲೆಕ್ಕ ಬೇರೆ. ಅಲ್ಲಿ ಕ್ಯಾಮ್‌ಶಾಫ್ಟಿನಿಂದ ಓಡುವ ಪಂಪು ನೂರಾರು ಬಾರ್ ಒತ್ತಡ ಕೊಡುತ್ತದೆ, ಇಂಧನ ಚಿಮ್ಮಿಸಲು ಸಿಗುವ ಕಾಲಾವಕಾಶವೂ ಕಿರಿದು. ಅಧಿಕ ಒತ್ತಡದ ಪಂಪು ಮಿತಿ ಮುಟ್ಟಿದಾಗ ಇಂಜೆಕ್ಟರುಗಳಿಗೆ ಇಂಧನ ಹಂಚುವ ರೈಲಿನ ಒತ್ತಡ ಬೀಳುತ್ತದೆ. ಆಗ ಅದೇ ಪಂಪಿನ ಒಳಭಾಗ ಬದಲಿಸುವುದು, ಟ್ಯಾಂಕಿನ ಪಂಪನ್ನು ಬಲಪಡಿಸುವುದು, ಇಲ್ಲವೇ ಪೋರ್ಟ್ ಇಂಜೆಕ್ಟರುಗಳ ಎರಡನೆಯ ಸಾಲು ಸೇರಿಸುವುದು ಇರುವ ದಾರಿಗಳು. ಕೊನೆಯದು ಆರ್‌ಎಸ್500ರ ಉಪಾಯದ ಹೊಸ ರೂಪ.

ಟರ್ಬೊ ವಿಧಗಳು

ಕಾರ್ಖಾನೆಯ ಟರ್ಬೊ ಚಿಕ್ಕದು, ಬೇಗ ತಿರುಗುತ್ತದೆ, ಮೇಲಿನ ವೇಗದಲ್ಲಿ ಉಸಿರು ಕಟ್ಟುತ್ತದೆ. ಹೈಬ್ರಿಡ್ ಟರ್ಬೊ ಎಂದರೆ ಹಳೆಯ ಹೊರಕವಚವನ್ನೇ ಕೊರೆದು ದೊಡ್ಡ ಚಕ್ರ ಕೂರಿಸಿದ್ದು. ವಿದ್ಯುತ್ ಮೋಟಾರಿಗೂ ಇದಕ್ಕೂ ಸಂಬಂಧವಿಲ್ಲ. ಪೈಪು, ಬ್ರಾಕೆಟ್ಟುಗಳು ಇದ್ದಲ್ಲೇ ಇರುವುದರಿಂದ ರಸ್ತೆ ಕಾರಿಗೆ ಇದು ಹೆಚ್ಚು ಬಳಕೆಯ ವಿಧ. ಪೂರ್ತಿ ಬೇರೆ ಕವಚದ ದೊಡ್ಡ ಟರ್ಬೊ ಹಾಕಿದರೆ ಮ್ಯಾನಿಫೋಲ್ಡ್, ಡೌನ್‌ಪೈಪ್ (ಟರ್ಬೈನಿನಿಂದ ಹೊಗೆ ಒಯ್ಯುವ ಕೊಳವೆ), ಎಣ್ಣೆ ಮತ್ತು ನೀರಿನ ಪೈಪು ಎಲ್ಲವೂ ಬದಲಾಗಬೇಕು.

ಟ್ವಿನ್ ಸ್ಕ್ರಾಲ್ ಟರ್ಬೊದಲ್ಲಿ ಸಿಲಿಂಡರುಗಳ ಹೊಗೆಯನ್ನು ಎರಡು ಜೋಡಿಗಳಾಗಿ ಬೇರೆ ದಾರಿಯಲ್ಲಿ ಒಯ್ಯುತ್ತಾರೆ. ಒಂದರ ಒತ್ತಡದ ಅಲೆ ಇನ್ನೊಂದಕ್ಕೆ ಅಡ್ಡ ಬರದೆ ಕಡಿಮೆ ವೇಗದಲ್ಲೇ ಬೂಸ್ಟ್ ಬರುತ್ತದೆ. ಚಲಿಸುವ ರೆಕ್ಕೆಗಳಿಂದ ಟರ್ಬೈನಿನ ದಾರಿ ಹಿಗ್ಗಿಸಿ ಕುಗ್ಗಿಸುವ ವಿಧ ಡೀಸೆಲಿನಲ್ಲಿ ಸಾಮಾನ್ಯ. ಪೆಟ್ರೋಲ್ ಹೊಗೆಯ ಹೆಚ್ಚಿನ ಉಷ್ಣತೆಯಿಂದಾಗಿ ಅದು ಕೆಲವೇ ಕಾರುಗಳಲ್ಲಿದೆ. ಬಾಲ್ ಬೇರಿಂಗ್ ಟರ್ಬೊ ಸಾದಾ ಬೇರಿಂಗಿನದಕ್ಕಿಂತ ಬೇಗ ಪ್ರತಿಕ್ರಿಯಿಸುತ್ತದೆ, ಬೆಲೆ ಹೆಚ್ಚು, ದುರಸ್ತಿ ಕಷ್ಟ.

ಟರ್ಬೊ ಆಯ್ಕೆ

ಆಯ್ಕೆಯ ಸಾಧನ ಕಂಪ್ರೆಸರ್ ನಕ್ಷೆ. ಅದರ ಅಡ್ಡ ರೇಖೆಯಲ್ಲಿ ಗಾಳಿಯ ಹರಿವು, ಲಂಬ ರೇಖೆಯಲ್ಲಿ ಒತ್ತಡ ಅನುಪಾತ, ನಡುವೆ ದಕ್ಷತೆಯ ವಲಯಗಳು. ಎಡ ಅಂಚು ಸರ್ಜ್ ರೇಖೆ. ಅದರಾಚೆ ಗಾಳಿ ಹಿಂದಕ್ಕೆ ಮರಳಿ ದಂಡ ಅದುರುತ್ತದೆ. ಬಲ ಅಂಚು ಚೋಕ್. ಅದರಾಚೆ ಚಕ್ರ ಎಷ್ಟು ತಿರುಗಿದರೂ ಹರಿವು ಹೆಚ್ಚದು. ಮೇಲಿನ 300 ಅಶ್ವಶಕ್ತಿಯ ಎಂಜಿನ್ನಿಗೆ ಗಾಳಿ-ಇಂಧನ ಅನುಪಾತ 12 ಎಂದಿಟ್ಟರೆ ಗಂಟೆಗೆ 900 ಕಿಲೊ, ನಿಮಿಷಕ್ಕೆ 15 ಕಿಲೊ ಗಾಳಿ ಬೇಕು. ಈ ಬಿಂದು ಬಲ ಅಂಚಿಗೆ ಅಂಟಿಕೊಂಡಿರದೆ ಸ್ವಲ್ಪ ಒಳಗೆ ಬೀಳುವಂಥ ಟರ್ಬೊ ರಸ್ತೆಗೆ ತಕ್ಕದ್ದು. ಆದರೆ 600 ಅಶ್ವಶಕ್ತಿ ಕೊಡಬಲ್ಲ ಟರ್ಬೊ ತಂದು 300 ಪಡೆಯುವುದೂ ಸರಿಯಲ್ಲ. ಅದು ತಿರುಗಿ ಬೂಸ್ಟ್ ಕೊಡುವ ಹೊತ್ತಿಗೆ ಎಂಜಿನ್ನಿನ ಬಳಕೆಯ ವೇಗದ ಅರ್ಧ ಮುಗಿದಿರುತ್ತದೆ. ಗಂಟೆಗೆ 70 ಮೈಲಿಯ ಮಿತಿಯುಳ್ಳ ರಸ್ತೆಯಲ್ಲಿ ನಿಮಿಷಕ್ಕೆ 3000 ಸುತ್ತಿನ ಆಸುಪಾಸು ಸಿಗುವ ಟಾರ್ಕ್ ಉಪಯೋಗದ್ದು, 7000 ಸುತ್ತಿನಲ್ಲಿ ಸಿಗುವ ಗರಿಷ್ಠ ಶಕ್ತಿ ಮಾತಿಗೆ ಚೆನ್ನ.

ಟರ್ಬೈನ್ ಕಡೆ ಚಿಕ್ಕದಾದರೆ ಹೊಗೆಯ ಹಿಮ್ಮುಖ ಒತ್ತಡ ಏರಿ ಬಿಸಿ ಅನಿಲ ಸಿಲಿಂಡರಿನಲ್ಲೇ ಉಳಿಯುತ್ತದೆ, ನಾಕಿಂಗ್ ಹೆಚ್ಚುತ್ತದೆ. ವೇಸ್ಟ್‌ಗೇಟ್ ಚಿಕ್ಕದಾದರೆ, ಅದರಲ್ಲೂ ಅಗಲ ಡೌನ್‌ಪೈಪ್ ಹಾಕಿದ ಮೇಲೆ, ನಿಗದಿತ ಮಟ್ಟ ದಾಟಿ ಬೂಸ್ಟ್ ತಾನೇ ಏರುತ್ತಾ ಹೋಗುತ್ತದೆ. ಇದನ್ನು ಬೂಸ್ಟ್ ಕ್ರೀಪ್ ಎನ್ನುತ್ತಾರೆ. ಚಳಿಗಾಲದ ದಟ್ಟ ಗಾಳಿಯಲ್ಲಿ ಇದು ಹೆಚ್ಚು. ಬೇಸಿಗೆಯಲ್ಲಿ ಸರಿಯಿದ್ದ ಕಾರು ಜನವರಿಯಲ್ಲಿ ಇಸಿಯು ಇಂಧನ ಕಡಿತಗೊಳಿಸುವ ಬೂಸ್ಟ್ ಮಿತಿ ಮುಟ್ಟುತ್ತದೆ.

ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಮ್ಯಾಂಚೆಸ್ಟರ್ ಸಮುದ್ರಮಟ್ಟಕ್ಕೆ ಹತ್ತಿರ. ಅಲ್ಲಿ 1 ಬಾರ್ ಬೂಸ್ಟ್ ಎಂದರೆ ಅನುಪಾತ ಸುಮಾರು 2. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸಿಲಿಂಡರಿಗೆ ಅಷ್ಟೇ ಪೂರ್ಣ ಒತ್ತಡ ಕೊಡಲು ಅನುಪಾತ ಸುಮಾರು 2.2 ಆಗಬೇಕು, ಟರ್ಬೊ ಅಷ್ಟು ಹೆಚ್ಚು ತಿರುಗಬೇಕು. ಇಂಗ್ಲೆಂಡಿನ ಈ ಭಾಗದಲ್ಲಿ ಎತ್ತರಕ್ಕಿಂತ ಏರುವ ದೂರದ ತೊಂದರೆ ಹೆಚ್ಚು. ಲೀಡ್ಸ್ ಮತ್ತು ಮ್ಯಾಂಚೆಸ್ಟರ್ ನಡುವೆ ಪೆನೈನ್ ಬೆಟ್ಟ ದಾಟುವ ಎಂ62 ಹೆದ್ದಾರಿ 372 ಮೀಟರಿಗೆ ಏರುತ್ತದೆ. ಇಂಗ್ಲೆಂಡಿನ ಮೋಟರ್‌ವೇಗಳಲ್ಲಿ ಇದೇ ಅತಿ ಎತ್ತರದ್ದು. ಶಕ್ತಿ ಅಳೆಯುವ ಉರುಳೆ ಯಂತ್ರದ ಮೇಲೆ ಕೆಲವೇ ಸೆಕೆಂಡು ಪೂರ್ಣ ಭಾರ ಹೊತ್ತ ಇಂಟರ್‌ಕೂಲರ್ ಇಂಥ ಏರಿನಲ್ಲಿ ನಿಮಿಷಗಟ್ಟಲೆ ದುಡಿಯಬೇಕು.

ಹಂತಗಳು

ಮಾರುಕಟ್ಟೆಯಲ್ಲಿ ಸ್ಟೇಜ್ 1 ಎಂದರೆ ತಂತ್ರಾಂಶ ಮಾತ್ರ, ಸ್ಟೇಜ್ 2 ಎಂದರೆ ಅದರೊಂದಿಗೆ ಇನ್‌ಟೇಕ್, ಇಂಟರ್‌ಕೂಲರ್, ಡೌನ್‌ಪೈಪ್, ಸ್ಟೇಜ್ 3 ಎಂದರೆ ಟರ್ಬೊ ಮತ್ತು ಇಂಧನ ಭಾಗಗಳು. ಈ ಹೆಸರುಗಳಿಗೆ ಯಾವ ಮಾನಕವೂ ಇಲ್ಲ. ಒಬ್ಬರ ಸ್ಟೇಜ್ 2 ಇನ್ನೊಬ್ಬರ ಸ್ಟೇಜ್ 1 ಆಗಿರಬಹುದು. ಟರ್ಬೊ ಎಂಜಿನ್ನಿನಲ್ಲಿ ಮೊದಲ ಹಂತವೇ ಗಮನಾರ್ಹ ಶಕ್ತಿ ಕೊಡುವುದು, ಕಾರ್ಖಾನೆ ಬಿಟ್ಟಿರುವ ಮೀಸಲನ್ನು ಬಳಸಿಕೊಳ್ಳುವುದರಿಂದ. ವಿಶ್ವಾಸಾರ್ಹತೆ ಬಯಸುವವರಿಗೆ ಬಹಳ ಕಾರುಗಳಲ್ಲಿ ಅದು ಸಾಕಾಗುತ್ತದೆ.

ಮ್ಯಾಪಿಂಗ್ ಮತ್ತು ಪರೀಕ್ಷೆ

ಶಕ್ತಿಯನ್ನು ಅಳೆಯುವ ಉರುಳೆ ಯಂತ್ರಕ್ಕೆ ಬ್ರಿಟನ್ನಿನಲ್ಲಿ ರೋಲಿಂಗ್ ರೋಡ್ ಎನ್ನುತ್ತಾರೆ. ಎರಡು ಯಂತ್ರಗಳ ಅಂಕಿ ಹೋಲಿಸುವುದು ವ್ಯರ್ಥ. ಅದೇ ಯಂತ್ರದಲ್ಲಿ ಮೊದಲು ಮತ್ತು ನಂತರದ ವ್ಯತ್ಯಾಸ ನಂಬಲರ್ಹ. ಮ್ಯಾಪ್ ಬರೆಯುವವರು ನೋಡುವುದು ವೈಡ್‌ಬ್ಯಾಂಡ್ ಸೆನ್ಸರಿನ ಗಾಳಿ-ಇಂಧನ ಅನುಪಾತ, ಸ್ಪಾರ್ಕಿನ ವಿಳಂಬ, ಒಳಗಾಳಿಯ ಉಷ್ಣತೆ, ಇಂಧನದ ಒತ್ತಡ. ಬೂಸ್ಟ್ ಏರಿದಂತೆ ಇಂಧನದ ಒತ್ತಡ ಅಷ್ಟೇ ಏರದಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ವೇಗದ ಪರೀಕ್ಷೆಗೆ ಸಾರ್ವಜನಿಕ ರಸ್ತೆ ಬೇಕಿಲ್ಲ. ವೆಲಿಂಗ್‌ಬರೊ ಸಮೀಪದ ಸ್ಯಾಂಟಾ ಪಾಡ್ ಡ್ರ್ಯಾಗ್ ಓಟದ ಅಂಗಣ 1966ರಿಂದ ಇದೆ, ಅಲ್ಲಿ ಸಾಮಾನ್ಯರೂ ತಮ್ಮ ಕಾರು ಓಡಿಸಬಹುದು. ಚೆಶೈರಿನ ಔಲ್ಟನ್ ಪಾರ್ಕಿನಲ್ಲಿ ಟ್ರ್ಯಾಕ್ ದಿನಗಳು ನಡೆಯುತ್ತವೆ.

ವೈಫಲ್ಯದ ಕಾರಣಗಳು

ಮುರಿದ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಕಾಣುವುದು ಪೂರ್ಣ ಬೂಸ್ಟಿನಲ್ಲಿ ಇಂಧನ ಸಾಲದೆ ಆದ ನಾಕಿಂಗ್ ಮತ್ತು ಅದರಿಂದ ಒಡೆದ ಪಿಸ್ಟನ್. ಸುಬಾರುವಿನ 2.5 ಲೀಟರ್ ಟರ್ಬೊ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳ ನಡುವಿನ ಅಂಚು ಒಡೆಯುವುದು ಪರಿಚಿತ ದೌರ್ಬಲ್ಯ. ಹೆಚ್ಚಿನ ಶಕ್ತಿ ಬಯಸುವವರು ಫೋರ್ಜ್ಡ್ ಪಿಸ್ಟನ್‌ಗಳನ್ನೇ ಮೊದಲು ಹಾಕಿಸುತ್ತಾರೆ. ನೇರ ಇಂಜೆಕ್ಷನ್ನಿನ ಚಿಕ್ಕ ಎಂಜಿನ್‌ಗಳಲ್ಲಿ ಕಡಿಮೆ ವೇಗ, ಹೆಚ್ಚು ಬೂಸ್ಟಿನಲ್ಲಿ ಸ್ಪಾರ್ಕಿಗೂ ಮೊದಲೇ ಮಿಶ್ರಣ ಹೊತ್ತುವ ತೊಂದರೆಯಿದೆ. ಎಣ್ಣೆಯ ಹನಿಗಳೂ ಇದಕ್ಕೆ ಕಾರಣವಾದ್ದರಿಂದ 2018ರಲ್ಲಿ ಎಪಿಐ ಎಸ್‌ಎನ್ ಪ್ಲಸ್, 2020ರಲ್ಲಿ ಎಸ್‌ಪಿ ಎಂಬ ಎಣ್ಣೆ ಮಾನಕಗಳು ಬಂದವು.

ಟರ್ಬೊ ಸಾಯುವುದು ಹೆಚ್ಚಾಗಿ ಎಣ್ಣೆಯಿಂದ: ಕಟ್ಟಿಕೊಂಡ ಪೈಪು, ಹಳೆಯ ಎಣ್ಣೆ, ಜೋರಾಗಿ ಓಡಿಸಿದ ಕೂಡಲೇ ಎಂಜಿನ್ ಆರಿಸುವುದು. ಬೂಸ್ಟ್ ಪೈಪಿನ ಚಿಕ್ಕ ಸೀಳೂ ಟರ್ಬೊವನ್ನು ಕೊಲ್ಲಬಲ್ಲದು. ಸೋರಿದ ಗಾಳಿಯನ್ನು ತುಂಬಲು ಇಸಿಯು ದಂಡವನ್ನು ಮಿತಿ ಮೀರಿ ತಿರುಗಿಸುತ್ತದೆ. ಕ್ಲಚ್ ಜಾರುವುದು, ಗೇರ್‌ಬಾಕ್ಸ್ ಹಲ್ಲು ಮುರಿಯುವುದು ಟಾರ್ಕಿನ ಫಲ. ಮೆಟ್ರೊ ಟರ್ಬೊದ ಎಂಜಿನಿಯರುಗಳು ಮಾಡಿದಂತೆ ಕಡಿಮೆ ವೇಗದಲ್ಲಿ ಬೂಸ್ಟ್ ತಗ್ಗಿಸುವ ಮ್ಯಾಪ್ ಈಗಲೂ ಅದಕ್ಕೆ ಅಗ್ಗದ ಮದ್ದು.

ಕಾನೂನು

ಬ್ರಿಟನ್ನಿನಲ್ಲಿ ಮಾರ್ಪಾಟು ಸ್ವತಃ ನಿಷಿದ್ಧವಲ್ಲ. ಎಂಜಿನ್ ಬದಲಿಸಿದರೆ ಅಥವಾ ಸಿಸಿ ಬದಲಾದರೆ ವಾಹನ ನೋಂದಣಿ ಸಂಸ್ಥೆಯಾದ ಡಿವಿಎಲ್‌ಎಗೆ ತಿಳಿಸಿ ನೋಂದಣಿ ಪತ್ರ ತಿದ್ದಿಸಬೇಕು. ವಿಮಾ ಕಂಪನಿ ಕೇಳುವ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವ ಹೊಣೆಯನ್ನು 2012ರ ಕಾಯ್ದೆ ಗ್ರಾಹಕನ ಮೇಲಿಡುತ್ತದೆ. ಮುಚ್ಚಿಟ್ಟ ರೀಮ್ಯಾಪ್ ಪರಿಹಾರವನ್ನೇ ಕಳೆಯಬಹುದು. ಎಂಒಟಿ ಎಂಬ ವಾರ್ಷಿಕ ತಪಾಸಣೆಯಲ್ಲಿ, ಕಾರ್ಖಾನೆಯಿಂದ ಬಂದಿದ್ದ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಕಾರು ಫೇಲು. 2002ರ ಜುಲೈ ನಂತರದ ಪೆಟ್ರೋಲ್ ಕಾರು ವೇಗದ ಐಡಲಿನಲ್ಲಿ ಶೇ. 0.2 ಕಾರ್ಬನ್ ಮಾನಾಕ್ಸೈಡ್ ಮಿತಿಯೊಳಗೆ, ಗಾಳಿ-ಇಂಧನ ಪ್ರಮಾಣದ ಅಳತೆಯಾದ ಲ್ಯಾಂಬ್ಡಾ 0.97ರಿಂದ 1.03ರ ನಡುವೆ ಇರಬೇಕು. ಡೀಸೆಲ್ ಕಾರಿನ ಕಣ ಶೋಧಕ ಕಿತ್ತಿದ್ದರೆ 2014ರ ಫೆಬ್ರವರಿಯಿಂದ ಪಾಸಿಲ್ಲ.

ಊರಿಂದೂರಿಗೆ ನಿಯಮ ಬೇರೆ. ಬರ್ಮಿಂಗ್‌ಹ್ಯಾಮಿನ ಶುದ್ಧ ಗಾಳಿ ವಲಯ 2021ರ ಜೂನ್ 1ರಂದು ಶುರುವಾಯಿತು. ಯೂರೊ 4 ಹೊಗೆ ಮಾನಕಕ್ಕಿಂತ ಹಳೆಯ ಪೆಟ್ರೋಲ್ ಕಾರು ದಿನಕ್ಕೆ 8 ಪೌಂಡ್ ಕಟ್ಟಬೇಕು. ನಲವತ್ತು ವರ್ಷ ದಾಟಿ ಐತಿಹಾಸಿಕ ವರ್ಗಕ್ಕೆ ಸೇರಿದವಕ್ಕೆ ವಿನಾಯಿತಿ, ಹೀಗಾಗಿ 1983ರ ಮೆಟ್ರೊ ಟರ್ಬೊ ಪುಕ್ಕಟೆ ಓಡಾಡಬಹುದು, 1990ರ ದಶಕದ ಇಂಪ್ರೆಝಾ ಹಣ ಕಟ್ಟಬೇಕು. ಬ್ರಾಡ್‌ಫರ್ಡಿನ 2022ರ ವಲಯ ಖಾಸಗಿ ಕಾರುಗಳಿಂದ ಶುಲ್ಕ ಪಡೆಯುವುದಿಲ್ಲ. ಲೀಡ್ಸ್ 2020ರಲ್ಲಿ ತನ್ನ ಯೋಜನೆ ಕೈಬಿಟ್ಟಿತು. ಗ್ರೇಟರ್ ಮ್ಯಾಂಚೆಸ್ಟರಿನದು ಮುಂದೂಡಲ್ಪಟ್ಟು, 2025ರ ಜನವರಿಯಲ್ಲಿ ಶುಲ್ಕವಿಲ್ಲದ ಯೋಜನೆಗೆ ಸರ್ಕಾರ ಒಪ್ಪಿತು. ಕಾರು ಕೂಟ, ಬೀದಿ ಓಟಗಳ ವಿರುದ್ಧ ಬರ್ಮಿಂಗ್‌ಹ್ಯಾಮ್ ಪಕ್ಕದ ಬ್ಲ್ಯಾಕ್ ಕಂಟ್ರಿಯಲ್ಲಿ 2015ರಲ್ಲಿ, ಬರ್ಮಿಂಗ್‌ಹ್ಯಾಮಿನಲ್ಲಿ 2016ರಲ್ಲಿ ನ್ಯಾಯಾಲಯದ ತಡೆಯಾಜ್ಞೆಗಳು ಬಂದವು. ಅಕ್ರಮವಾಗಿ ಸದ್ದು ಮಾಡುವ ಎಕ್ಸಾಸ್ಟಿಗೆ 50 ಪೌಂಡ್ ದಂಡ. ಸದ್ದು ಹಿಡಿಯುವ ಕ್ಯಾಮರಾಗಳನ್ನು 2022ರಲ್ಲಿ ಪ್ರಯೋಗಕ್ಕಿಟ್ಟ ನಾಲ್ಕು ಸ್ಥಳಗಳಲ್ಲಿ ಎರಡು ಈ ಪ್ರದೇಶದವು: ಬ್ರಾಡ್‌ಫರ್ಡ್ ಬಳಿಯ ಕೀಥ್ಲಿ ಮತ್ತು ಬರ್ಮಿಂಗ್‌ಹ್ಯಾಮ್ ಅಂಚಿನ ರೂಬರಿ.

ಇಂದಿನ ಸ್ಥಿತಿ

ಲಾಂಗ್‌ಬ್ರಿಜಿನ ದೊಡ್ಡ ಕಾರ್ಖಾನೆ 2005ರಲ್ಲಿ ಎಂಜಿ ರೋವರ್ ಕುಸಿತದೊಂದಿಗೆ ನಿಂತಿತು. ವುಲ್ವರ್‌ಹ್ಯಾಂಪ್ಟನ್ನಿನಲ್ಲಿ 2014ರಲ್ಲಿ ತೆರೆದ ಜಾಗ್ವಾರ್ ಲ್ಯಾಂಡ್ ರೋವರ್ ಎಂಜಿನ್ ಕಾರ್ಖಾನೆ ಟರ್ಬೊ ಎಂಜಿನ್‌ಗಳನ್ನೇ ಮಾಡುತ್ತದೆ. ಹಡರ್ಸ್‌ಫೀಲ್ಡಿನಲ್ಲಿ ಕಮಿನ್ಸ್ ಟರ್ಬೊ ಕೆಲಸ ಮುಂದುವರಿದಿದೆ, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಟರ್ಬೊಚಾರ್ಜರ್ ಸಂಶೋಧನೆಯೂ ನಡೆದಿದೆ. ಹೊಸ ಕಾರುಗಳ ಇಸಿಯು ಬೀಗಮುದ್ರೆ ಬಿಗಿಯಾಗಿ ತಂತ್ರಾಂಶ ತೆರೆಯುವುದೇ ದುಬಾರಿ ಕೆಲಸವಾಗುತ್ತಿದೆ. ಹೊಗೆಯ ಕಣ ಶೋಧಕ ಈಗ ಪೆಟ್ರೋಲ್ ಕಾರಿಗೂ ಬಂದು ಡೌನ್‌ಪೈಪ್ ಬದಲಿಸುವ ಹಳೆಯ ದಾರಿ ಕಿರಿದಾಗಿದೆ. ಪೆಟ್ರೋಲ್ ಮಾತ್ರದಿಂದ ಓಡುವ ಹೊಸ ಕಾರುಗಳ ಮಾರಾಟ ಬ್ರಿಟನ್ನಿನಲ್ಲಿ 2030ಕ್ಕೆ ನಿಲ್ಲಬೇಕೆಂಬುದು ಸರ್ಕಾರದ ಈಗಿನ ನೀತಿ. ಆಗಲೇ ನೋಂದಣಿಯಾದ ಕಾರುಗಳಿಗೆ, ಅವುಗಳ ಮಾರ್ಪಾಟಿಗೆ, ಈ ಗಡುವು ಅನ್ವಯಿಸುವುದಿಲ್ಲ.